ಇಂಡಿಯಾನಾಪೊಲಿಸ್‌ನ ಆಟದ ಕಥೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಊರಿಗೆ ಹೊಸದಾಗಿ ಬಂದ ಕನ್ನಡದವರು ಮೊದಲ ವಾರ ಸೋನಾ ಮಸೂರಿ ಎಲ್ಲಿ ಸಿಗುತ್ತೆ ಅಂತ ಕೇಳುತ್ತಾರೆ. ಎರಡನೇ ವಾರ ಕೇಳೋದು, 'ಇಲ್ಲಿ ಎಲ್ಲರ ಬಾಯಲ್ಲೂ ಬರೀ ಆಟದ ಮಾತೇ ಅಲ್ವಾ, ಏನು ಸಮಾಚಾರ?' ಹೇಳಿ ಹೇಳಿ ಬಾಯಿ ನೋವು ಬಂದು ಕೊನೆಗೆ ಬರೆದಿಟ್ಟೆ. ನಾನು ಆಡಿದವನಲ್ಲ, ಕೂತು ನೋಡಿದವನು. ಇಲ್ಲಿನ ವೃತ್ತಿ ಬಾಸ್ಕೆಟ್‌ಬಾಲ್ ತಂಡ ಪೇಸರ್ಸ್ ಮೇಲೆ ಸ್ವಲ್ಪ ಪಕ್ಷಪಾತ ಇದೆ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಈ ಊರಲ್ಲಿ ಆಟಕ್ಕೆ ಇಷ್ಟು ಜಾಗ ಹೇಗೆ ಬಂತು?

ಇಂಡಿಯಾನಾಪೊಲಿಸ್ ಅಮೆರಿಕದ ಮಿಡ್‌ವೆಸ್ಟ್‌ನಲ್ಲಿರುವ ಇಂಡಿಯಾನಾ ರಾಜ್ಯದ ರಾಜಧಾನಿ. ಸಮುದ್ರ ಇಲ್ಲ, ಬೆಟ್ಟ ಇಲ್ಲ. ವೈಟ್ ರಿವರ್ ಅಂತ ಒಂದು ನದಿ ಇದೆ, ಅದರಲ್ಲಿ ಹಡಗು ಓಡಲ್ಲ. ಸುತ್ತ ಜೋಳದ ಹೊಲ. 1970ರ ಆಸುಪಾಸಿನಲ್ಲಿ ಹೊರಗಿನವರು ಇದನ್ನು 'ಇಂಡಿಯಾ-ನೋ-ಪ್ಲೇಸ್' ಅಂತ ಆಡಿಕೊಳ್ಳುತ್ತಿದ್ದರು.

ನನ್ನ ಲೆಕ್ಕದಲ್ಲಿ ಇಲ್ಲಿ ಎರಡು ಥರದ ಆಟ ಇದೆ. ಒಂದು ಬೇಲಿ ಬದಿಯ ಗಿಡದ ಹಾಗೆ ತಾನಾಗಿ ಬೆಳೆದದ್ದು: ಶಾಲೆ, ಕಾಲೇಜಿನ ಬಾಸ್ಕೆಟ್‌ಬಾಲ್. ಇನ್ನೊಂದು ಊರಿನ ದೊಡ್ಡವರು ಕೂತು ಯೋಜನೆ ಹಾಕಿ, ದುಡ್ಡು ಸುರಿದು ತಂದು ನೆಟ್ಟದ್ದು: ಕೋಲ್ಟ್ಸ್ ಅನ್ನುವ ಅಮೆರಿಕನ್ ಫುಟ್‌ಬಾಲ್ ತಂಡ, ಕಾಲೇಜು ಆಟ ನಡೆಸುವ ಎನ್‌ಸಿಎಎ ಸಂಸ್ಥೆಯ ಕಚೇರಿ, ದೊಡ್ಡ ದೊಡ್ಡ ಕೂಟಗಳು. ಕೆಳಗಿನ ಉತ್ತರಗಳೆಲ್ಲ ಸುತ್ತಿ ಸುತ್ತಿ ಈ ಎರಡಕ್ಕೇ ಬರುತ್ತವೆ.

ಹೂಜಿಯರ್ ಅಂದರೆ ಏನು?

ಇಂಡಿಯಾನಾದವರು ಅಂತ ಅಷ್ಟೇ. ಪದ ಎಲ್ಲಿಂದ ಬಂತು ಅಂತ ಇಲ್ಲಿನವರೇ ಕಿತ್ತಾಡುತ್ತಾರೆ. ಆ ಜಗಳಕ್ಕೆ ನೀವು ಹೋಗಬೇಡಿ.

ಬಾಸ್ಕೆಟ್‌ಬಾಲ್ ಹುಚ್ಚು ಶುರುವಾದದ್ದು ಎಲ್ಲಿ?

ಹೈಸ್ಕೂಲುಗಳಲ್ಲಿ. ಬಹಳ ವರ್ಷ ಇಡೀ ರಾಜ್ಯದ ಶಾಲೆಗಳಿಗೆಲ್ಲ ಸೇರಿ ಒಂದೇ ಟೂರ್ನಿ ಇತ್ತು. ಸಾವಿರಾರು ಮಕ್ಕಳಿರುವ ಪಟ್ಟಣದ ಶಾಲೆಯೂ ಅದರಲ್ಲೇ, ಹಳ್ಳಿ ಶಾಲೆಯೂ ಅದರಲ್ಲೇ. 1954ರಲ್ಲಿ ಮೈಲನ್ ಅನ್ನುವ ಸಣ್ಣ ಊರಿನ ಶಾಲೆ ಫೈನಲ್‌ಗೆ ಬಂತು. ಒಟ್ಟು 161 ಮಕ್ಕಳ ಶಾಲೆ. ಎದುರಿಗೆ ದೈತ್ಯನ ಹಾಗೆ ಮನ್ಸಿ ಸೆಂಟ್ರಲ್. ಕೊನೆಯ ಭಾಗದಲ್ಲಿ ಮೈಲನ್ ಎರಡು ಪಾಯಿಂಟ್ ಹಿಂದಿತ್ತು. ಆಗ ಮೈಲನ್‌ನ ಬಾಬಿ ಪ್ಲಂಪ್ ಚೆಂಡು ಹಿಡಿದುಕೊಂಡು ಸುಮ್ನೆ ನಿಂತ. ಒಂದು ನಿಮಿಷ ಅಲ್ಲ, ನಾಲ್ಕು ನಿಮಿಷಕ್ಕೂ ಜಾಸ್ತಿ. ಕೊನೆಗೆ ಅವನೇ ಕೊನೆಯ ಕ್ಷಣದಲ್ಲಿ ಎಸೆದ ಚೆಂಡು ಬುಟ್ಟಿಗೆ ಬಿದ್ದು 32–30. ಆ ಆಟ ನಡೆದದ್ದು ಇದೇ ಊರಲ್ಲಿ, ಬಟ್ಲರ್ ಕಾಲೇಜಿನ ಅಂಗಳದಲ್ಲಿ. ಪ್ಲಂಪ್ ಮುಂದೆ ಓದಿದ್ದೂ ಬಟ್ಲರ್‌ನಲ್ಲೇ.

1997ರಿಂದ ಮಕ್ಕಳ ಸಂಖ್ಯೆ ನೋಡಿ ಶಾಲೆಗಳನ್ನು ವರ್ಗ ವರ್ಗ ಮಾಡಿ ಆಡಿಸುತ್ತಾರೆ. ಹಳಬರಿಗೆ ಇದರ ಮೇಲೆ ಇವತ್ತಿಗೂ ಕೋಪ. ನನಗೂ ಅವರ ಮಾತೇ ಸರಿ ಅನ್ನಿಸುತ್ತೆ.

ಅಟಕ್ಸ್ ಶಾಲೆಯ ಹೆಸರು ಎಲ್ಲರೂ ಹೇಳುತ್ತಾರಲ್ಲ, ಯಾಕೆ?

ಮೈಲನ್ ಕಥೆ ಹೇಳುವವರು ಇದನ್ನೂ ಹೇಳಬೇಕು, ಆದರೆ ಎಷ್ಟೋ ಜನ ಹೇಳಲ್ಲ. ಕ್ರಿಸ್ಪಸ್ ಅಟಕ್ಸ್ ಹೈಸ್ಕೂಲ್ 1927ರಲ್ಲಿ ತೆರೆದದ್ದು ಕಪ್ಪು ಜನರ ಮಕ್ಕಳನ್ನು ಬಿಳಿಯರ ಶಾಲೆಗಳಿಂದ ಬೇರೆ ಇಡುವುದಕ್ಕೆ. 1940ರ ದಶಕದವರೆಗೂ ಇವರನ್ನು ರಾಜ್ಯ ಟೂರ್ನಿಗೆ ಸೇರಿಸಿಕೊಳ್ಳಲೇ ಇಲ್ಲ. 1954ರಲ್ಲಿ ಮೈಲನ್ ಫೈನಲ್ ಹಾದಿಯಲ್ಲಿ ಸೋಲಿಸಿದ ತಂಡಗಳಲ್ಲಿ ಇವರದ್ದೂ ಒಂದು. ಆ ತಂಡದಲ್ಲಿ ಆಸ್ಕರ್ ರಾಬರ್ಟ್‌ಸನ್ ಅನ್ನುವ ಎತ್ತರದ ಹುಡುಗ ಇದ್ದ.

ಮರುವರ್ಷ, 1955ರಲ್ಲಿ, ಕೋಚ್ ರೇ ಕ್ರೋ ಅವರ ಹುಡುಗರು ರಾಜ್ಯ ಗೆದ್ದರು. ಫೈನಲ್‌ನಲ್ಲಿ ಗ್ಯಾರಿ ರೂಸ್‌ವೆಲ್ಟ್ ಶಾಲೆಯ ಮೇಲೆ 97–74. ಅಮೆರಿಕದಲ್ಲಿ ಎಲ್ಲರಿಗೂ ತೆರೆದ ರಾಜ್ಯ ಟೂರ್ನಿಯೊಂದನ್ನು ಕಪ್ಪು ಮಕ್ಕಳ ಶಾಲೆ ಗೆದ್ದದ್ದು ಅದೇ ಮೊದಲು. ಇಂಡಿಯಾನಾಪೊಲಿಸ್‌ನ ಯಾವ ಶಾಲೆಗೂ ಅದುವರೆಗೆ ಆ ಕಪ್ ಬಂದಿರಲಿಲ್ಲ. ಊರಿಗೆ ಊರೇ ಕುಣಿಯಬೇಕಿತ್ತು.

ಗೆದ್ದವರನ್ನು ಅಗ್ನಿಶಾಮಕ ಗಾಡಿ ಮೇಲೆ ಕೂರಿಸಿ ಊರ ನಡುವಿನ ಮಾನ್ಯುಮೆಂಟ್ ಸರ್ಕಲ್‌ಗೆ ಕರೆತಂದು ಅಲ್ಲಿ ಸಂಭ್ರಮ ಮಾಡುವುದು ವಾಡಿಕೆ. ಈ ಹುಡುಗರನ್ನೂ ಕರೆತಂದರು. ಸರ್ಕಲ್‌ಗೆ ಒಂದು ಸುತ್ತು ಹಾಕಿಸಿದರು. ಗಾಡಿ ಅಲ್ಲಿ ನಿಲ್ಲಲಿಲ್ಲ, ಸೀದಾ ಕಪ್ಪು ಜನರ ಬಡಾವಣೆಯ ಪಾರ್ಕಿಗೆ ಹೋಯಿತು. ಅಲ್ಲಿ ಬೆಂಕಿ ಹಾಕಿ ಜನ ಕುಣಿಯುತ್ತಿದ್ದಾಗ ರಾಬರ್ಟ್‌ಸನ್ ನಡುವೆಯೇ ಎದ್ದು ಅಪ್ಪನ ಮನೆಗೆ ಹೊರಟುಹೋದ. ಆ ನೋವನ್ನು ಅವರು ದಶಕಗಳ ನಂತರವೂ ಮರೆತಿಲ್ಲ. 1956ರಲ್ಲಿ ಅಟಕ್ಸ್ ಒಂದೂ ಆಟ ಸೋಲದೆ ಮತ್ತೆ ಕಪ್ ಗೆದ್ದಿತು. ರಾಬರ್ಟ್‌ಸನ್ ಕಾಲೇಜಿಗೆ ಇಂಡಿಯಾನಾ ಬಿಟ್ಟು ಸಿನ್ಸಿನಾಟಿಗೆ ಹೋದರು. ಆಮೇಲೆ ಎನ್‌ಬಿಎ ಅನ್ನುವ ದೇಶದ ವೃತ್ತಿ ಬಾಸ್ಕೆಟ್‌ಬಾಲ್ ಲೀಗ್‌ನ ದೊಡ್ಡ ಹೆಸರುಗಳಲ್ಲಿ ಒಬ್ಬರಾದರು.

ಹಿಂಕಲ್ ಫೀಲ್ಡ್‌ಹೌಸ್ ನೋಡಲೇಬೇಕಾ?

ನೋಡಲೇಬೇಕು. ಬಟ್ಲರ್ ವಿಶ್ವವಿದ್ಯಾಲಯದ ಆವರಣದಲ್ಲಿ 1928ರಲ್ಲಿ ಎದ್ದ ಇಟ್ಟಿಗೆ ಕಟ್ಟಡ. ಆಗ 15 ಸಾವಿರ ಜನ ಹಿಡಿಸುತ್ತಿತ್ತು. ಸುಮಾರು ಎರಡು ದಶಕ ದೇಶದಲ್ಲಿ ಇಷ್ಟು ದೊಡ್ಡ ಬಾಸ್ಕೆಟ್‌ಬಾಲ್ ಅಂಗಳ ಬೇರೆ ಇರಲಿಲ್ಲ. ಈಗ ದುರಸ್ತಿ ಮಾಡಿ ಸೀಟು 9 ಸಾವಿರ ಚಿಲ್ಲರೆಗೆ ಇಳಿಸಿದ್ದಾರೆ. ಹೆಸರು ಟೋನಿ ಹಿಂಕಲ್ ಅವರದ್ದು, 41 ಸೀಸನ್ ಇಲ್ಲಿ ಕೋಚ್ ಆಗಿದ್ದವರು. ನೀವು ನೋಡುವ ಕಿತ್ತಳೆ ಬಣ್ಣದ ಚೆಂಡು ಇದೆಯಲ್ಲ, ಅದನ್ನು 1950ರ ದಶಕದ ಕೊನೆಯಲ್ಲಿ ಬಳಕೆಗೆ ತಂದವರೂ ಅವರೇ. ಅದಕ್ಕೆ ಮುಂಚೆ ಚೆಂಡು ಮಂಕು ಕಂದು ಬಣ್ಣ, ಹಿಂದಿನ ಸಾಲಿನವರಿಗೆ ಕಾಣುತ್ತಿರಲಿಲ್ಲ.

ಅಪ್ಪ ಊರಿಂದ ಬಂದಿದ್ದಾಗ ಒಂದು ಶನಿವಾರ ಮಧ್ಯಾಹ್ನ ಕರೆದುಕೊಂಡು ಹೋಗಿದ್ದೆ. ಮೇಲೆ ಉಕ್ಕಿನ ಕಮಾನುಗಳು, ಎರಡೂ ತುದಿಗೆ ಎತ್ತರದ ಕಿಟಕಿ. ಅದರಿಂದ ಇಳಿದ ಚಳಿಗಾಲದ ಬಿಸಿಲು ಮರದ ನೆಲದ ಮೇಲೆ ಚೌಕ ಚೌಕವಾಗಿ ಬಿದ್ದಿತ್ತು. ಆಟಗಾರರು ಬಿಸಿಲಿಗೆ ಬಂದು ಹೊಳೆದು, ನೆರಳಿಗೆ ಹೋಗಿ ಮಂಕಾಗುತ್ತಿದ್ದರು. ಅಪ್ಪ ಬೆಂಚನ್ನು ಕೈಯಲ್ಲಿ ತಟ್ಟಿ, 'ಲೋ, ಇದು ನಮ್ಮೂರ ಟೆಂಟ್ ಸಿನಿಮಾ ಬೆಂಚೇ ಕಣೋ' ಅಂದರು. ಆಟ ಅವರಿಗೆ ಅರ್ಥವಾಗಲಿಲ್ಲ. ಅರ್ಧ ಆಟದ ಹೊತ್ತಿಗೆ ಪಕ್ಕದ ಅಜ್ಜಿಯ ಜೊತೆ ಸೇರಿ ಅಂಪೈರಿಗೆ ಬೈಯುತ್ತಿದ್ದರು, ಕನ್ನಡದಲ್ಲಿ.

ಬಟ್ಲರ್ 2010ರಲ್ಲಿ ಏನು ಮಾಡಿತು?

ಸೋತಿತು. ಆದರೆ ಆ ಸೋಲನ್ನು ಇಲ್ಲಿನವರು ಗೆಲುವಿನ ಹಾಗೆ ಹೇಳಿಕೊಳ್ಳುತ್ತಾರೆ.

ಬಟ್ಲರ್ ಆಗ ಸುಮಾರು 4,500 ವಿದ್ಯಾರ್ಥಿಗಳ ಖಾಸಗಿ ಕಾಲೇಜು. ಕೋಚ್ ಬ್ರ್ಯಾಡ್ ಸ್ಟೀವನ್ಸ್‌ಗೆ ಆಗ 33 ವರ್ಷ. ಇದೇ ಊರಿನ ಔಷಧ ಕಂಪನಿ ಇಲೈ ಲಿಲ್ಲಿಯಲ್ಲಿದ್ದ ಒಳ್ಳೆಯ ಕೆಲಸ ಬಿಟ್ಟು ಸಂಬಳ ಇಲ್ಲದ ಸಹಾಯಕನಾಗಿ ಬಟ್ಲರ್‌ಗೆ ಸೇರಿದ್ದವರು. (ನಮ್ಮ ಮನೆಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ ನೋಡಿ.) ಆ ವರ್ಷದ ದೇಶದ ಕಾಲೇಜು ಬಾಸ್ಕೆಟ್‌ಬಾಲ್ ಫೈನಲ್ ನಡೆದದ್ದು ಇದೇ ಊರಿನ ಲ್ಯೂಕಸ್ ಆಯಿಲ್ ಸ್ಟೇಡಿಯಂನಲ್ಲಿ, ಕಾಲೇಜಿನಿಂದ ಕಾರಿನಲ್ಲಿ ಕಾಲು ಗಂಟೆ. ಫೈನಲ್ ದಿನ ಬೆಳಗ್ಗೆ ಹುಡುಗರು ಕ್ಲಾಸಿಗೆ ಹೋಗಿದ್ದರು.

ಎದುರಾಳಿ ಡ್ಯೂಕ್ ವಿಶ್ವವಿದ್ಯಾಲಯ. 70,930 ಜನ. ಕೊನೆಯ ಕ್ಷಣದಲ್ಲಿ ಡ್ಯೂಕ್ 61, ಬಟ್ಲರ್ 59. ಪಕ್ಕದ ಬ್ರೌನ್ಸ್‌ಬರ್ಗ್‌ನ ಹುಡುಗ ಗಾರ್ಡನ್ ಹೇವರ್ಡ್ ಅಂಗಳದ ನಡುವಿನಿಂದ ಓಡುತ್ತಲೇ ಚೆಂಡು ಬೀಸಿ ಎಸೆದ. ಅದು ಹಲಗೆಗೆ ಬಡಿದು, ಬುಟ್ಟಿಯ ಬಳೆಗೆ ತಾಗಿ, ಹೊರಗೆ ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮರುವರ್ಷವೂ ಫೈನಲ್‌ಗೆ ಹೋದರು. ಕನೆಕ್ಟಿಕಟ್ ಮೇಲೆ 41–53. ಅವತ್ತು ಎಸೆದ 64ರಲ್ಲಿ 12 ಮಾತ್ರ ಬುಟ್ಟಿಗೆ ಬಿದ್ದವು. ಅದರ ಬಗ್ಗೆ ಇಲ್ಲಿ ಯಾರೂ ಜಾಸ್ತಿ ಮಾತಾಡಲ್ಲ. 2013ರಲ್ಲಿ ಸ್ಟೀವನ್ಸ್ ಬಾಸ್ಟನ್ ಸೆಲ್ಟಿಕ್ಸ್ ಕೋಚ್ ಆಗಿ ಹೋದರು, ಬಟ್ಲರ್ ಬಿಗ್ ಈಸ್ಟ್ ಕೂಟ ಸೇರಿತು.

ಇಂಡಿಯಾನಾ ವಿಶ್ವವಿದ್ಯಾಲಯ, ಪರ್ಡ್ಯೂ ಇವು ಈ ಊರಿನವಲ್ವಾ?

ಅಲ್ಲ. ಇಂಡಿಯಾನಾ ಬ್ಲೂಮಿಂಗ್ಟನ್‌ನಲ್ಲಿದೆ, ಸುಮಾರು 80 ಕಿ.ಮೀ. ಪರ್ಡ್ಯೂ ವೆಸ್ಟ್ ಲಫಾಯೆಟ್‌ನಲ್ಲಿ, 100 ಕಿ.ಮೀ. ಆದರೆ ಊರು ಈ ಎರಡರ ಅಭಿಮಾನಿಗಳ ನಡುವೆ ಸೀಳಿದೆ. 1976ರಲ್ಲಿ ಇಂಡಿಯಾನಾ 32 ಆಟ ಆಡಿ 32ನ್ನೂ ಗೆದ್ದಿತ್ತು. ಅಲ್ಲಿಂದೀಚೆಗೆ ಪುರುಷರ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಸೋಲೇ ಇಲ್ಲದೆ ಕಪ್ ಗೆದ್ದವರಿಲ್ಲ. ಕೆಂಪು ಬಟ್ಟೆಯ ಇಂಡಿಯಾನಾ ಅಭಿಮಾನಿಗಳು ಇದನ್ನು ಹತ್ತು ನಿಮಿಷಕ್ಕೊಮ್ಮೆ ನೆನಪಿಸುತ್ತಾರೆ. ಆಫೀಸಿನಲ್ಲಿ ಹೊಸಬರಾದರೆ ಯಾವ ಪಕ್ಷ ಅಂತ ಹೇಳುವ ಮುಂಚೆ ಮ್ಯಾನೇಜರ್ ಮೇಜಿನ ಮೇಲಿನ ಕಾಫಿ ಮಗ್ ನೋಡಿಕೊಳ್ಳಿ.

ಪೇಸರ್ಸ್‌ಗಿಂತ ಮೊದಲು ಬಾಸ್ಕೆಟ್‌ಬಾಲ್ ವೃತ್ತಿ ತಂಡ ಇರಲಿಲ್ವಾ?

ಇತ್ತು. ಫ್ರಾಂಕ್ ಕಾಟ್ಸ್ಕಿ ಅನ್ನುವ ದಿನಸಿ ಅಂಗಡಿಯವರು 1930ರ ದಶಕದಲ್ಲಿ ತಮ್ಮ ಹೆಸರಿನಲ್ಲೇ ತಂಡ ಕಟ್ಟಿದ್ದರು. ಮುಂದೆ ಕೋಚ್ ಆಗಿ ದಂತಕಥೆಯಾದ ಜಾನ್ ವುಡನ್ ಅದರಲ್ಲಿ ಆಡಿದವರು. ಆಮೇಲೆ 1949ರಿಂದ 1953ರವರೆಗೆ ಒಲಿಂಪಿಯನ್ಸ್ ಅನ್ನುವ ಎನ್‌ಬಿಎ ತಂಡ. 1951ರ ಜನವರಿಯಲ್ಲಿ ಅವರು ರೋಚೆಸ್ಟರ್ ಜೊತೆ ಆಡಿದ ಆಟ ಆರು ಹೆಚ್ಚುವರಿ ಅವಧಿಗೆ ಹೋಯಿತು. ಎನ್‌ಬಿಎಯಲ್ಲಿ ಅಷ್ಟು ಉದ್ದದ ಆಟ ಇನ್ನೊಂದಿಲ್ಲ. ಅದೇ ವರ್ಷ ತಂಡದ ಇಬ್ಬರು ಮುಖ್ಯ ಆಟಗಾರರು ಕಾಲೇಜು ದಿನಗಳ ಫಿಕ್ಸಿಂಗ್ ಹಗರಣದಲ್ಲಿ ಸಿಕ್ಕಿಬಿದ್ದು ನಿಷೇಧವಾದರು. ತಂಡ ಹೆಚ್ಚು ದಿನ ಉಳಿಯಲಿಲ್ಲ.

ಟೀವಿಯಲ್ಲಿ ಕೈಯೊಡ್ಡಿ ಪೇಸರ್ಸ್ ಉಳಿಸಿದರು ಅನ್ನೋದು ನಿಜವಾ?

ನೂರಕ್ಕೆ ನೂರು ನಿಜ. ಪೇಸರ್ಸ್ ಹುಟ್ಟಿದ್ದು 1967ರಲ್ಲಿ, ಎಬಿಎ ಅನ್ನುವ ಇನ್ನೊಂದು ಲೀಗ್‌ನಲ್ಲಿ. ಕೆಂಪು-ಬಿಳಿ-ನೀಲಿ ಚೆಂಡಿನ ಲೀಗ್ ಅದು. ಸ್ಲಿಕ್ ಲೆನರ್ಡ್ ಕೋಚ್ ಆಗಿದ್ದಾಗ 1970, 1972, 1973ರಲ್ಲಿ ಮೂರು ಕಪ್. 1976ರಲ್ಲಿ ಎಬಿಎ ಮುಚ್ಚಿತು, ನಾಲ್ಕು ತಂಡ ಎನ್‌ಬಿಎ ಸೇರಿದವು. ಪ್ರವೇಶ ಶುಲ್ಕ ತಲಾ 32 ಲಕ್ಷ ಡಾಲರ್. ಮೇಲಿಂದ ಕೆಲವು ವರ್ಷ ಟೀವಿ ಹಣದಲ್ಲಿ ಪಾಲಿಲ್ಲ. ಮದುವೆ ಮಾಡಿಕೊಂಡು ಮನೆ ಮಾರಿದ ಹಾಗಾಯಿತು.

1977ರ ಬೇಸಿಗೆಯಲ್ಲಿ ಸೀಸನ್ ಟಿಕೆಟ್ 8,000 ಮಾರಾಟವಾಗದಿದ್ದರೆ ತಂಡ ಕೈಬಿಟ್ಟು ಹೋಗುತ್ತೆ ಅನ್ನುವ ಸ್ಥಿತಿ. ಲೆನರ್ಡ್ ಮತ್ತು ಅವರ ಹೆಂಡತಿ ನ್ಯಾನ್ಸಿ ಸೇರಿ ಟೀವಿಯಲ್ಲಿ ಹದಿನಾರೂವರೆ ಗಂಟೆಯ ಕಾರ್ಯಕ್ರಮ ಇಟ್ಟರು. ಜನ ಫೋನ್ ಮಾಡಿದರು, ಬಂದರು, ಕೊಟ್ಟರು. ಕೊನೆಗೆ ನ್ಯಾನ್ಸಿ ಓದಿದ ಲೆಕ್ಕ 8,028. ಅಂದರೆ ಇಪ್ಪತ್ತೆಂಟು ಟಿಕೆಟ್ ಜಾಸ್ತಿ! ಯೋಜನೆ ಹಾಕಿ ತಂದ ತಂಡಕ್ಕೂ ಜನ ಎತ್ತಿಕೊಂಡ ತಂಡಕ್ಕೂ ಇರುವ ವ್ಯತ್ಯಾಸ ಇದೇ.

ರೆಜಿ ಮಿಲ್ಲರ್ ಬಗ್ಗೆ?

1987ರಲ್ಲಿ ಪೇಸರ್ಸ್ ಇವರನ್ನು ಆರಿಸಿದಾಗ ಊರಿನ ಜನ ಕೂಗಿ ಬೈದಿದ್ದರು. ಅವರಿಗೆ ಬೇಕಾಗಿದ್ದದ್ದು ಇಂಡಿಯಾನಾದವನೇ ಆದ ಸ್ಟೀವ್ ಆಲ್ಫರ್ಡ್. ಮಿಲ್ಲರ್ 18 ಸೀಸನ್ ಇದೇ ತಂಡಕ್ಕೆ ಆಡಿದರು. 1995ರ ಮೇ 7, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್: ಒಂಬತ್ತು ಸೆಕೆಂಡಿನೊಳಗೆ ಎಂಟು ಪಾಯಿಂಟ್ ಹೊಡೆದು ಸೋತ ಆಟ ಗೆಲ್ಲಿಸಿದರು, 107–105. ಇಲ್ಲಿನವರಿಗೆ ಅದು ನಮ್ಮವರಿಗೆ 1983ರ ಲಾರ್ಡ್ಸ್ ಇದ್ದ ಹಾಗೆ.

ಪೇಸರ್ಸ್ ಎನ್‌ಬಿಎ ಕಪ್ ಗೆದ್ದಿದ್ದಾರಾ?

ಇಲ್ಲ. 2000ದಲ್ಲಿ ಲ್ಯಾರಿ ಬರ್ಡ್ ಕೋಚ್ ಆಗಿದ್ದಾಗ ಫೈನಲ್‌ನಲ್ಲಿ ಲೇಕರ್ಸ್ ಮೇಲೆ 2–4. 2004ರಲ್ಲಿ ಡೆಟ್ರಾಯಿಟ್ ಬಳಿ ಪ್ರೇಕ್ಷಕರ ಜೊತೆ ಮಾರಾಮಾರಿ ಆಗಿ ಒಳ್ಳೆಯ ತಂಡವೊಂದು ಒಡೆದುಹೋಯಿತು. ಮತ್ತೆ 2025ರ ಜೂನ್. ಆ ತಿಂಗಳು ನನ್ನಂಥವರಿಗೆ ವಿಚಿತ್ರ. 3ನೇ ತಾರೀಕು ಆರ್‌ಸಿಬಿ 18ನೇ ಪ್ರಯತ್ನದಲ್ಲಿ ಕಪ್ ಎತ್ತಿತು. 5ನೇ ತಾರೀಕು ಫೈನಲ್‌ನ ಮೊದಲ ಆಟದಲ್ಲಿ 0.3 ಸೆಕೆಂಡ್ ಉಳಿದಿರುವಾಗ ಟೈರೀಸ್ ಹ್ಯಾಲಿಬರ್ಟನ್ ಬುಟ್ಟಿಗೆ ಹಾಕಿ ಒಕ್ಲಹೋಮಾ ಸಿಟಿಯನ್ನು ಅವರ ಊರಲ್ಲೇ ಸೋಲಿಸಿದ. ಈ ವರ್ಷ ಎರಡೂ ನಮ್ದೇ ಅಂದುಕೊಂಡೆ. 22ಕ್ಕೆ ಏಳನೇ ಆಟ. ಮೊದಲ ಭಾಗದಲ್ಲೇ ಹ್ಯಾಲಿಬರ್ಟನ್ ಹಿಮ್ಮಡಿಯ ನರ ಹರಿದು ಕುಸಿದು, ನೆಲಕ್ಕೆ ಕೈ ಬಡಿಯುತ್ತಾ ಅತ್ತ. ಅಲ್ಲಿಗೆ ಮುಗಿಯಿತು.

ಕೋಲ್ಟ್ಸ್ ತಂಡವನ್ನು ಕದ್ದು ತಂದದ್ದಾ?

ಬಾಲ್ಟಿಮೋರ್‌ನವರನ್ನು ಕೇಳಿದರೆ ಹೌದು. ಇಂಡಿಯಾನಾಪೊಲಿಸ್ 1982ರಲ್ಲಿ 60 ಸಾವಿರ ಸೀಟಿನ ಹೂಜಿಯರ್ ಡೋಮ್ ಕಟ್ಟಲು ಶುರುಮಾಡಿತು. ಅದರಲ್ಲಿ ಆಡಲು ತಂಡವೇ ಇರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು. ಲಿಲ್ಲಿ ಎಂಡೋಮೆಂಟ್ ಅನ್ನುವ ದತ್ತಿ ಸಂಸ್ಥೆ ದಾನ ಕೊಟ್ಟಿತು, ಉಳಿದದ್ದಕ್ಕೆ ಹೋಟೆಲ್ ಊಟ-ತಿಂಡಿಯ ಮೇಲೆ ಶೇ. 1 ತೆರಿಗೆ ಬಂತು.

ಅತ್ತ ಬಾಲ್ಟಿಮೋರ್‌ನಲ್ಲಿ ಕೋಲ್ಟ್ಸ್ ಮಾಲೀಕ ಬಾಬ್ ಇರ್ಸೇಗೂ ಸರ್ಕಾರಕ್ಕೂ ಸ್ಟೇಡಿಯಂ ವಿಷಯಕ್ಕೆ ಜಗಳ. ತಂಡವನ್ನೇ ಜಪ್ತಿ ಮಾಡಲು ಅವಕಾಶ ಕೊಡುವ ಮಸೂದೆಗೆ ಮೇರಿಲ್ಯಾಂಡ್ ಸೆನೆಟ್ ಒಪ್ಪಿಗೆ ಕೊಟ್ಟಿತು. 1984ರ ಮಾರ್ಚ್ 28ರ ರಾತ್ರಿ ಮೇಫ್ಲವರ್ ಕಂಪನಿಯ ಹದಿನೈದು ಲಾರಿ ಬಂದು ನಿಂತವು. ಹೆಲ್ಮೆಟ್, ಕುರ್ಚಿ, ಕಡತ ಎಲ್ಲ ತುಂಬಿಕೊಂಡು ಬೆಳಗಾಗುವುದರೊಳಗೆ ಊರು ಬಿಟ್ಟವು. ಬಾಡಿಗೆ ಬಾಕಿಯವರೂ ಇಷ್ಟು ನಯವಾಗಿ ಮನೆ ಖಾಲಿ ಮಾಡಲ್ಲ. ಇಲ್ಲಿ ಎರಡು ವಾರದಲ್ಲಿ ಸೀಸನ್ ಟಿಕೆಟ್‌ಗೆ 1,43,000 ಅರ್ಜಿ ಬಂದವು.

ನನಗೆ ಇದರಲ್ಲಿ ಮನಸ್ಸಿಗೆ ತಾಗಿದ್ದು ಬ್ಯಾಂಡ್ ಸೆಟ್ಟಿನವರ ಕಥೆ. ತಂಡ ಹೋದ ರಾತ್ರಿ ಅವರ ಸಮವಸ್ತ್ರ ಡ್ರೈ ಕ್ಲೀನಿಂಗ್‌ಗೆ ಹೋಗಿತ್ತು, ಲಾರಿಗೆ ಸಿಗಲಿಲ್ಲ. ಅದನ್ನೇ ಹಾಕಿಕೊಂಡು ಬಾಲ್ಟಿಮೋರ್ ಕೋಲ್ಟ್ಸ್ ಬ್ಯಾಂಡ್ ತಂಡವೇ ಇಲ್ಲದೆ ಹತ್ತು ವರ್ಷಕ್ಕೂ ಜಾಸ್ತಿ ಬಾರಿಸುತ್ತಾ ಹೋಯಿತು, 1996ರಲ್ಲಿ ಆ ಊರಿಗೆ ರೇವನ್ಸ್ ಅನ್ನುವ ಹೊಸ ಫುಟ್‌ಬಾಲ್ ತಂಡ ಬರುವವರೆಗೆ.

ಪೇಟನ್ ಮ್ಯಾನಿಂಗ್ ಯಾಕೆ ದೇವರು?

ಕೋಲ್ಟ್ಸ್‌ನಲ್ಲಿ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಅವರು. 1998ರಲ್ಲಿ ಬಂದರು, ಅಲ್ಲಿಂದ ಬಾಸ್ಕೆಟ್‌ಬಾಲ್ ಊರು ಫುಟ್‌ಬಾಲನ್ನೂ ಮನೆಗೆ ಸೇರಿಸಿಕೊಂಡಿತು. 2007ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಮೇಲೆ 3–21 ಹಿಂದಿದ್ದವರು 38–34 ಗೆದ್ದರು. ಫೆಬ್ರವರಿ 4ರಂದು ಮಯಾಮಿಯ ಮಳೆಯಲ್ಲಿ ಶಿಕಾಗೋ ಮೇಲೆ 29–17, ಫುಟ್‌ಬಾಲ್ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಕೈಗೆ. ಕೋಚ್ ಟೋನಿ ಡಂಜಿ, ಸೂಪರ್ ಬೌಲ್ ಗೆದ್ದ ಮೊದಲ ಕಪ್ಪು ಮುಖ್ಯ ಕೋಚ್. ಮುಂದೆ ಬಂದ ಆ್ಯಂಡ್ರೂ ಲಕ್ 2019ರ ಆಗಸ್ಟ್‌ನಲ್ಲಿ, 29ರ ವಯಸ್ಸಿಗೆ, ಗಾಯಗಳಿಂದ ಬೇಸತ್ತು ಆಟ ಬಿಟ್ಟರು. ಸುದ್ದಿ ಹರಡಿದಾಗ ಸ್ಟೇಡಿಯಂನಲ್ಲಿದ್ದ ಜನ ಅವರನ್ನು ಕೂಗಾಡಿ ಕಳಿಸಿದರು. ಅದು ತಪ್ಪು ಅಂತ ನನ್ನ ಅಭಿಪ್ರಾಯ.

ಎನ್‌ಸಿಎಎ ಇಲ್ಲಿಗೆ ಹೇಗೆ ಬಂತು?

ಎನ್‌ಸಿಎಎ ಅಂದರೆ ಕಾಲೇಜು ಆಟಗಳನ್ನೆಲ್ಲ ನಡೆಸುವ ರಾಷ್ಟ್ರೀಯ ಸಂಸ್ಥೆ. 1999ರಲ್ಲಿ ಕಾನ್ಸಾಸ್‌ನಿಂದ ಇಲ್ಲಿಗೆ ಕಚೇರಿ ಬದಲಿಸಿತು. ಅದಕ್ಕೆ ಇಪ್ಪತ್ತು ವರ್ಷದ ತಯಾರಿ ಇತ್ತು. 1979ರಲ್ಲಿ ಇಂಡಿಯಾನಾ ಸ್ಪೋರ್ಟ್ಸ್ ಕಾರ್ಪ್ ಹುಟ್ಟಿತು, ಆಟದ ಕೂಟಗಳನ್ನು ಊರಿಗೆ ತರುವುದೇ ಅದರ ಕೆಲಸ. 1982ಕ್ಕೆ ದೊಡ್ಡ ಈಜುಕೊಳ ಎದ್ದಿತು. 1987ರ ಪ್ಯಾನ್ ಅಮೆರಿಕನ್ ಗೇಮ್ಸ್ ಬೇರೆಯವರು ಕೈಬಿಟ್ಟಾಗ ಇವರು ಹಿಡಿದುಕೊಂಡರು. ಅದರಲ್ಲೊಂದು ತಮಾಷೆ: ಬಾಸ್ಕೆಟ್‌ಬಾಲ್ ತವರಲ್ಲೇ ಅಮೆರಿಕ ಬ್ರೆಜಿಲ್‌ಗೆ 115–120 ಸೋತಿತು. ಬ್ರೆಜಿಲ್‌ನ ಆಸ್ಕರ್ ಶ್ಮಿಟ್ ಒಬ್ಬರದ್ದೇ 46.

2021ರಲ್ಲಿ ಕೋವಿಡ್ ಕಾರಣಕ್ಕೆ ಪುರುಷರ ಕಾಲೇಜು ಟೂರ್ನಿಯನ್ನು ಪೂರ್ತಿಯಾಗಿ ಇಂಡಿಯಾನಾದಲ್ಲೇ, ಹೆಚ್ಚಿನದನ್ನು ಇದೇ ಊರಲ್ಲಿ ಆಡಿಸಿದರು. 2024ರಲ್ಲಿ ಫುಟ್‌ಬಾಲ್ ಸ್ಟೇಡಿಯಂ ಒಳಗೇ ಈಜುಕೊಳ ಕೂರಿಸಿ ಒಲಿಂಪಿಕ್ ಆಯ್ಕೆ ನಡೆಸಿದರು. ಈಜು ನೋಡೋಕೆ ಒಂದೇ ರಾತ್ರಿ 20 ಸಾವಿರಕ್ಕೂ ಜಾಸ್ತಿ ಜನ.

ಇದಕ್ಕೆಲ್ಲ ದುಡ್ಡು ಯಾರದ್ದು?

ನಿಮ್ಮದೂ ಇದೆ. 2008ರಲ್ಲಿ ತೆರೆದ ಲ್ಯೂಕಸ್ ಆಯಿಲ್ ಸ್ಟೇಡಿಯಂಗೆ ಸುಮಾರು 72 ಕೋಟಿ ಡಾಲರ್ ಆಯಿತು, ಅದರಲ್ಲಿ ತಂಡ ಹಾಕಿದ್ದು 10 ಕೋಟಿ. ಉಳಿದದ್ದರಲ್ಲಿ ಬಹುಪಾಲು ತೆರಿಗೆ. ಹೋಟೆಲ್ ಬಿಲ್ಲಿನ ಕೆಳಗಿನ ಸಾಲು ಓದಿ. ಪೇಟೆ ಮಧ್ಯಭಾಗಕ್ಕೆ ಜೀವ ಬಂದದ್ದು ಇದರಿಂದ ಅನ್ನುವುದೂ ನಿಜ. ಪಕ್ಕದ ಬಡಾವಣೆಗಳ ರಸ್ತೆ ಗುಂಡಿ ಹಾಗೇ ಇದೆ ಅನ್ನುವುದೂ ನಿಜ.

ಬೇಸ್‌ಬಾಲ್, ಹಾಕಿ?

ಬೇಸ್‌ಬಾಲ್‌ನಲ್ಲಿ ಇಂಡಿಯನ್ಸ್ ಅನ್ನುವ ಎರಡನೇ ಹಂತದ ತಂಡ 1902ರಿಂದ ಇದೆ. ಕಪ್ಪು ಆಟಗಾರರ ನೀಗ್ರೋ ನ್ಯಾಷನಲ್ ಲೀಗ್‌ನ ಮೊಟ್ಟಮೊದಲ ಆಟ 1920ರ ಮೇ 2ರಂದು ಇಲ್ಲೇ ನಡೆಯಿತು. ಊರಿನ ಎಬಿಸೀಸ್ ತಂಡ ಶಿಕಾಗೋ ಜೈಂಟ್ಸ್ ಮೇಲೆ 4–2. ಮಹಾ ಆಟಗಾರ ಆಸ್ಕರ್ ಚಾರ್ಲ್‌ಸ್ಟನ್ ಹುಟ್ಟಿದ್ದು ಇದೇ ಊರಲ್ಲಿ. ಬೇಸ್‌ಬಾಲ್ ದಿಗ್ಗಜ ಹ್ಯಾಂಕ್ ಆರನ್ 1952ರಲ್ಲಿ ಕೆಲವು ತಿಂಗಳು ಇಂಡಿಯಾನಾಪೊಲಿಸ್ ಕ್ಲೌನ್ಸ್‌ಗೆ ಆಡಿದವರು. ಹಳೆಯ ಬುಷ್ ಸ್ಟೇಡಿಯಂ ಈಗ ಅಪಾರ್ಟ್‌ಮೆಂಟ್. ಪಿಚ್ ಇದ್ದ ಜಾಗ ಅಂಗಳವಾಗಿ ಉಳಿದಿದೆ.

ಐಸ್ ಹಾಕಿಯಲ್ಲಿ ಆ ಆಟದ ದಿಗ್ಗಜ ವೇಯ್ನ್ ಗ್ರೆಟ್ಸ್ಕಿ 1978ರಲ್ಲಿ, 17ನೇ ವಯಸ್ಸಿಗೆ, ಇಲ್ಲಿನ ರೇಸರ್ಸ್ ತಂಡದಿಂದ ವೃತ್ತಿ ಶುರುಮಾಡಿದರು. ಎಂಟು ಆಟ ಆಡಿಸಿ, ದುಡ್ಡಿಲ್ಲ ಅಂತ ಎಡ್ಮಂಟನ್‌ಗೆ ಮಾರಿಬಿಟ್ಟರು. ತಂಡವೂ ಅದೇ ಸೀಸನ್‌ನಲ್ಲಿ ಮುಚ್ಚಿತು.

ಹೆಣ್ಣುಮಕ್ಕಳ ತಂಡ?

ಫೀವರ್, 2000ದಿಂದ. ಟಮಿಕಾ ಕ್ಯಾಚಿಂಗ್ಸ್ ಮುಂದಾಳತ್ವದಲ್ಲಿ 2012ರಲ್ಲಿ ಹೆಣ್ಣುಮಕ್ಕಳ ಲೀಗ್ ಡಬ್ಲ್ಯುಎನ್‌ಬಿಎಯ ಕಪ್. ಅಂದರೆ ಪೇಸರ್ಸ್‌ಗೆ ಎನ್‌ಬಿಎಯಲ್ಲಿ ಆಗದ್ದನ್ನು ಇವರು ಮಾಡಿ ತೋರಿಸಿದರು. 2024ರಲ್ಲಿ ತಾರೆ ಕೇಟ್ಲಿನ್ ಕ್ಲಾರ್ಕ್ ತಂಡಕ್ಕೆ ಬಂದ ಮೇಲೆ ಟಿಕೆಟ್ ಸಿಗುವುದೇ ಕಷ್ಟ. ಮಗಳನ್ನು ಕರೆದುಕೊಂಡು ಹೋಗುವುದಿದ್ದರೆ ಮೊದಲೇ ಬುಕ್ ಮಾಡಿ.

ಕಾರ್ ರೇಸ್ ಬಗ್ಗೆ ಏನೂ ಹೇಳಲೇ ಇಲ್ಲ?

ಅದು ಬೇರೆಯೇ ಪುರಾಣ. ಇಂಡಿ 500 ಶುರುವಾದದ್ದು 1911ರಲ್ಲಿ. ಸುತ್ತ ಎರಡೂವರೆ ಲಕ್ಷ ಸೀಟು, ಅಂದರೆ ಚಿನ್ನಸ್ವಾಮಿಯಂಥ ಆರೇಳು ಸ್ಟೇಡಿಯಂ. ಗೆದ್ದವರು ಹಾಲು ಕುಡಿಯುತ್ತಾರೆ. ನಮ್ಮ ದೇಶದ್ದೂ ಒಂದು ಕೊಂಡಿ ಇದೆ. 2005ರ ಜೂನ್ 19, ಇದೇ ಟ್ರ್ಯಾಕಿನಲ್ಲಿ ಫಾರ್ಮುಲಾ ಒನ್. ಟೈರ್ ತೊಂದರೆಯಿಂದ 14 ಕಾರು ಓಟ ಶುರುವಾಗುವ ಮುಂಚೆಯೇ ಒಳಗೆ ಹೋದವು, ಓಡಿದ್ದು ಆರೇ. ಅದರಲ್ಲಿ ನಾಲ್ಕನೆಯವರು ನಾರಾಯಣ್ ಕಾರ್ತಿಕೇಯನ್. ಫಾರ್ಮುಲಾ ಒನ್‌ನಲ್ಲಿ ಭಾರತೀಯನೊಬ್ಬನಿಗೆ ಪಾಯಿಂಟ್ ಸಿಕ್ಕಿದ್ದು ಅದೇ ಮೊದಲು.

ಕ್ರಿಕೆಟ್ ಆಡೋಕೆ ಜಾಗ ಇದೆಯಾ?

ಇದೆ. ಊರಿನ ಪೂರ್ವಕ್ಕೆ ವರ್ಲ್ಡ್ ಸ್ಪೋರ್ಟ್ಸ್ ಪಾರ್ಕ್, ನಗರದ ಆಡಳಿತವೇ 2014ರಲ್ಲಿ ತೆರೆದದ್ದು. ಬೇಸಿಗೆಯ ಭಾನುವಾರ ಬೇಗ ಹೋಗಿ. ತಡವಾದರೆ ಬ್ಯಾಟಿಂಗ್ ಸಿಗಲ್ಲ, ಫೀಲ್ಡಿಂಗ್ ಮಾತ್ರ.